ಉಪ್ಪುನೀರು, ಪಾಚಿ ಮತ್ತು ಇಂಗಾಲದ ಲೆಕ್ಕ

ಮೈಸೂರಿನ ರಾಮಕೃಷ್ಣನಗರದಲ್ಲಿ, ಮನೆಯ ತಾರಸಿಯ ಮೇಲೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ವಿದ್ಯಾರ್ಥಿಯೊಬ್ಬ ಕೇಳಿದ: "ಸರ್, ಕಾವೇರಿ ನೀರಿನ ಬದಲು ಸಮುದ್ರದ ನೀರನ್ನೇ ಬಳಸಿ, ಜತೆಗೆ ಪಾಚಿಯನ್ನೂ ಬೆಳೆಸಿದರೆ ಗಾಳಿಯ ಇಂಗಾಲ ತಗ್ಗುತ್ತದೆ, ಬರಡು ನೆಲವೂ ಹಸಿರಾಗುತ್ತದೆ ಅಲ್ಲವೇ?" ಇಂಥ ಯೋಜನೆಗಳನ್ನು ಹೊಗಳುವ ಬರಹಗಳು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ಅವನ್ನು ಬಿಡಿಬಿಡಿಯಾಗಿ ಪರೀಕ್ಷಿಸುವುದು ಒಳ್ಳೆಯದು.

ಮೊದಲು ನೀರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಜಲಕೃಷಿಯ ಪೋಷಕ ದ್ರಾವಣದಲ್ಲಿರುವುದು ಒಂದೆರಡು ಗ್ರಾಂ ಮಾತ್ರ. ಉಪ್ಪು ಹೆಚ್ಚಾದರೆ ಅಭಿಸರಣೆಯ ನಿಯಮದಂತೆ ಬೇರು ನೀರನ್ನು ಹೀರಲಾರದು. 2012ರಲ್ಲಿ ಕತಾರ್‌ನಲ್ಲಿ ಆರಂಭವಾದ 'ಸಹಾರಾ ಫಾರೆಸ್ಟ್' ಯೋಜನೆಯ ಪ್ರಾಯೋಗಿಕ ಘಟಕದಲ್ಲೂ ಸಮುದ್ರದ ನೀರು ಹಸಿರುಮನೆಯನ್ನು ತಂಪಾಗಿಸಿತು. ಸೌತೆ ಗಿಡಗಳಿಗೆ ಸಿಕ್ಕಿದ್ದು ಉಪ್ಪು ತೆಗೆದ ನೀರು. ನೇರವಾಗಿ ಸಮುದ್ರದ ನೀರಿನಲ್ಲಿ ಬೆಳೆಯುವ ಸ್ಯಾಲಿಕಾರ್ನಿಯಾದಂಥ ಸಸ್ಯಗಳು ಇವೆ, ನಿಜ. ಆದರೆ ಅವಕ್ಕೂ ಉಪ್ಪನ್ನು ಬೇರಿನಿಂದಾಚೆ ತೊಳೆದು ಹಾಕಲು ಹೆಚ್ಚುವರಿ ನೀರು ಹರಿಸಲೇಬೇಕು.

ಎರಡನೆಯದು ಪಾಚಿ. ಒಣಗಿದ ಪಾಚಿಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಆದ್ದರಿಂದ 1 ಕಿಲೋಗ್ರಾಂ ಪಾಚಿ ಸುಮಾರು 1.8 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡನ್ನು ಹೀರಿರುತ್ತದೆ. ತೆರೆದ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಇಳುವರಿ ಎಂದರೆ ಒಳ್ಳೆಯ ಫಲಿತಾಂಶವೇ. ಹೆಕ್ಟೇರಿಗೆ ವರ್ಷಕ್ಕೆ 73 ಟನ್ ಪಾಚಿ, ಸುಮಾರು 130 ಟನ್ ಕಾರ್ಬನ್ ಡೈಆಕ್ಸೈಡ್. 1000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ವರ್ಷಕ್ಕೆ 7000 ಗಂಟೆ ನಡೆದು, ಪ್ರತಿ ಯೂನಿಟ್‌ಗೆ 0.9 ಕಿಲೋಗ್ರಾಂ ಹೊರಬಿಟ್ಟರೆ 63 ಲಕ್ಷ ಟನ್ ಆಯಿತು. ಅದನ್ನು ಹೀರಲು ಬೇಕಾಗುವ ಕೊಳ ಸುಮಾರು 480 ಚದರ ಕಿಲೋಮೀಟರ್! ಇಡೀ ಮೈಸೂರು ನಗರವೂ ಅಷ್ಟಿಲ್ಲ.

ಹೀರಿದ ಇಂಗಾಲ ಎಲ್ಲಿಗೆ ಹೋಯಿತು ಎಂಬುದು ಇನ್ನೂ ಮುಖ್ಯ. ನಮ್ಮದೇ ಊರಿನ ಸಿ.ಎಫ್.ಟಿ.ಆರ್.ಐ. ದಶಕಗಳಿಂದ ಸ್ಪಿರುಲಿನಾ ಕುರಿತು ಕೆಲಸ ಮಾಡಿದೆ. ಅದರ ಉದ್ದೇಶ ಪೌಷ್ಟಿಕ ಆಹಾರ. ಸ್ಪಿರುಲಿನಾ ತಿಂದವರು ಅದರ ಇಂಗಾಲವನ್ನು ಉಸಿರಿನಲ್ಲಿ ಮರಳಿ ಗಾಳಿಗೆ ಬಿಡುತ್ತಾರೆ. ಪಾಚಿಯನ್ನು ಇಂಧನವಾಗಿ ಉರಿಸಿದರೂ ಅಷ್ಟೇ. ಇದು ಇಂಗಾಲದ ಮರುಬಳಕೆ, ಸಂಗ್ರಹವಲ್ಲ. ಕಲ್ಲಿದ್ದಲಿನ ಬದಲಿಗೆ ಬಂದರೆ ಪ್ರಯೋಜನವಿದೆ; ಆದರೆ ಎರಡನ್ನೂ ಒಂದೇ ಎನ್ನುವುದು ತಪ್ಪು.

ಮೂರನೆಯದು ನೆಲ. ಉಪ್ಪು ತೆಗೆದ ಮೇಲೆ ಉಳಿಯುವ ಗಡಸು ಉಪ್ಪುನೀರನ್ನು ಒಳನಾಡಿನಲ್ಲಿ ಸುರಿದರೆ ನೆಲ ಸುಧಾರಿಸುವುದಿಲ್ಲ, ಕೆಡುತ್ತದೆ. ಈಗಾಗಲೇ ಉಪ್ಪಾದ ಕರಾವಳಿಯ ನೆಲಕ್ಕೆ ಬೇರೆ ದಾರಿಯಿದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ರೈತರು ಕಗ್ಗ ಭತ್ತ ಬೆಳೆಯುತ್ತಾ ಬಂದಿದ್ದಾರೆ. ಮುಂಗಾರಿನ ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತನೆ, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಕಗ್ಗವೂ ಅಚ್ಚ ಸಮುದ್ರದ ನೀರಿನಲ್ಲಿ ಬೆಳೆಯುವುದಿಲ್ಲ. ಋತುವನ್ನು ಅರಿತು ಬೆಳೆಯುತ್ತದೆ. ಯೋಜನೆಗಳ ಉತ್ಸಾಹದಲ್ಲಿ ಇಂಥ ಗಜನಿಗಳನ್ನೂ ಕಾಂಡ್ಲಾ ಕಾಡುಗಳನ್ನೂ 'ಪಾಳು ನೆಲ' ಎಂದು ಕರೆದರೆ ಆಗುವ ನಷ್ಟ ದೊಡ್ಡದು.

ಹಾಗೆಂದು ವಿದ್ಯಾರ್ಥಿಯ ಉತ್ಸಾಹಕ್ಕೆ ತಣ್ಣೀರು ಎರಚಬೇಕಿಲ್ಲ. ಲೀಟರಿಗೆ 0, 2, 10 ಮತ್ತು 35 ಗ್ರಾಂ ಉಪ್ಪು ಕರಗಿಸಿದ ನಾಲ್ಕು ಬಟ್ಟಲುಗಳಲ್ಲಿ ಹೆಸರುಕಾಳು ನೆನೆಸಿ ಮೊಳಕೆ ಎಣಿಸಲಿ. ಮೊದಲ ಉತ್ತರ ಅಲ್ಲೇ ಸಿಗುತ್ತದೆ.