ಮ್ಯಾಕ್ರೊ, ಊಹ, ಬಾಧ: ಒಂದು ಸಾಮ್ಯದ ಪರೀಕ್ಷೆ

ಪಾಣಿನಿಯ ಅಷ್ಟಾಧ್ಯಾಯಿಯು ಗಣಕಯಂತ್ರದ ಕ್ರಮವಿಧಿಗೆ ಸಮಾನವಾದುದೆಂಬ ಮಾತು ಈಚೆಗೆ ಮೇಲಿಂದಮೇಲೆ ಕೇಳಬರುತ್ತಿರುವದು. ಇದು ಸರ್ವಥಾ ನಿರಾಧಾರವಲ್ಲ. ಗಣಕಭಾಷೆಗಳ ವ್ಯಾಕರಣವನ್ನು ನಿರೂಪಿಸುವ ಬ್ಯಾಕಸ್ ಪದ್ಧತಿಯೊಡನೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್‌ಮನ್ ಎಂಬ ವಿದ್ವಾಂಸನು ೧೯೬೭ರಲ್ಲಿ ಸೂಚಿಸಿದನು. ಆದರೆ ಒಂದು ಅಂಗದಲ್ಲಿ ಕಂಡ ಸಾಮ್ಯವನ್ನು ಸರ್ವಾಂಗಕ್ಕೂ ಹಬ್ಬಿಸುವದು ಶಾಸ್ತ್ರಮರ್ಯಾದೆಯಲ್ಲ. ಮೇನ್‌ಫ್ರೇಮ್ ಎಂಬ ಮಹಾಗಣಕಗಳ ಅಸೆಂಬ್ಲರ್ ಭಾಷೆಯಲ್ಲಿ ‘ಮ್ಯಾಕ್ರೊ’ ಎಂಬುದೊಂದು ಉಪಾಯವುಂಟು. ಅದನ್ನೂ ಪಾಣಿನೀಯ ಸೂತ್ರಕ್ಕೆ ಹೋಲಿಸುವವರಿದ್ದಾರೆ. ಈ ಹೋಲಿಕೆಯು ನಿಲ್ಲಲಾರದೆಂದೂ, ಮ್ಯಾಕ್ರೊವಿಗೆ ಸಮೀಪದ ದೃಷ್ಟಾಂತವು ಪೂರ್ವಮೀಮಾಂಸೆಯಲ್ಲಿ ಇರುವದೆಂದೂ ತೋರಿಸುವದು ಈ ಲೇಖನದ ಉದ್ದೇಶ.

ಸಾಹಿತ್ಯೋಪಾಧ್ಯಾಯರಿಗೆ ಈ ಚರ್ಚೆಯಿಂದೇನು ಎಂದು ಶಂಕಿಸಬೇಕಾಗಿಲ್ಲ. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಾದ ಜ್ಞಾನಸಂಗಮವು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ಮಚ್ಛೆಯ ಬಳಿ ಇರುವದು. ಅದರ ಪಠ್ಯಕ್ರಮದಲ್ಲಿ ಲೆಲಂಡ್ ಬೆಕ್ಕನ ‘ಸಿಸ್ಟಮ್ ಸಾಫ್ಟ್‌ವೇರ್’ ಗ್ರಂಥವು ಬಹುವರ್ಷ ಪಠ್ಯವಾಗಿದ್ದಿತು. ಬೋಧನೆಗಾಗಿ ಕಲ್ಪಿಸಿದ ಯಂತ್ರವೊಂದನ್ನು ಮುಂದಿಟ್ಟುಕೊಂಡು ಅಸೆಂಬ್ಲರನ್ನೂ ಮ್ಯಾಕ್ರೊವನ್ನೂ ವಿವರಿಸುವ ಗ್ರಂಥವದು. ಕನ್ನಡ ಶಾಲೆಯಲ್ಲಿ ಕಲಿತು ಬಂದ ವಿದ್ಯಾರ್ಥಿಗೆ ಇಂಥ ವಿಷಯವನ್ನು ಯಾವ ಮಾತಿನಿಂದ, ಯಾವ ದೃಷ್ಟಾಂತದಿಂದ ತಿಳಿಸಬೇಕೆಂಬುದು ಭಾಷೆಯ ಪ್ರಶ್ನೆಯೇ ಸರಿ. ದೃಷ್ಟಾಂತ ತಪ್ಪಿದರೆ ತಿಳಿವಳಿಕೆಯೂ ತಪ್ಪುವದು.

ಮೊದಲು ವಿಷಯವನ್ನು ಹೇಳುವೆವು. ಐ.ಬಿ.ಎಂ. ಸಂಸ್ಥೆಯು ೧೯೬೪ನೆಯ ಏಪ್ರಿಲ್ ೭ರಂದು ‘ಸಿಸ್ಟಮ್ ೩೬೦’ ಎಂಬ ಯಂತ್ರವರ್ಗವನ್ನು ಪ್ರಕಟಿಸಿತು. ಅದರ ಸಂತತಿಯ ಯಂತ್ರಗಳು ಇಂದಿಗೂ ನಡೆಯುತ್ತಿವೆ. ಇವುಗಳ ಅಸೆಂಬ್ಲರ್ ಭಾಷೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿಗೆ ಒಂದು ಯಂತ್ರಾಜ್ಞೆ. ಎರಡು ಮೊತ್ತಗಳನ್ನು ಕೂಡಿಸಿ ಇಡುವದಕ್ಕೆ ‘ತೆಗೆದುಕೊ’, ‘ಕೂಡಿಸು’, ‘ಇಡು’ ಎಂದು ಮೂರು ಆಜ್ಞೆಗಳು ಬೇಕು. ಇದನ್ನೇ ನೂರು ಕಡೆ ಬರೆಯುವ ಬದಲು, ಮೂರನ್ನೂ ಒಂದು ಹೆಸರಿನ ಕೆಳಗೆ ಒಮ್ಮೆ ಬರೆದಿಟ್ಟು, ಬದಲಾಗತಕ್ಕ ಪದಗಳ ಸ್ಥಾನದಲ್ಲಿ ಗುರುತುಗಳನ್ನು ಇಡುವರು. ಬಳಿಕ ಹೆಸರು ಹೇಳಿ ಪದಗಳನ್ನು ಕೊಟ್ಟರೆ ಸಾಕು. ಅಸೆಂಬ್ಲರು ಆ ಸ್ಥಳದಲ್ಲಿ ಮೂರು ಸಾಲುಗಳನ್ನೂ ಬಿಡಿಸಿ ಬರೆಯುವದು. ಇದೇ ಮ್ಯಾಕ್ರೊ.

ಇದರ ಮೇಲೆ ಇನ್ನೊಂದು ಸೌಕರ್ಯವುಂಟು. ‘ಮೂರನೆಯ ಪದವನ್ನು ಕೊಡದಿದ್ದರೆ ಇಡು ಎಂಬ ಸಾಲನ್ನು ಬಿಡು’ ಎಂದು ಮ್ಯಾಕ್ರೊವಿನೊಳಗೇ ಹೇಳಬಹುದು. ಆಗ ಆ ಆಜ್ಞೆಯು ಯಂತ್ರಕ್ಕೆ ತಲುಪುವ ಬರಹದಲ್ಲಿ ಇರುವದೇ ಇಲ್ಲ. ಇದಕ್ಕೆ ‘ಕಂಡಿಷನಲ್ ಅಸೆಂಬ್ಲಿ’ ಎಂದು ಹೆಸರು. ಇದರ ಮರ್ಮವೆಲ್ಲ ಕಾಲಭೇದದಲ್ಲಿದೆ. ರಚನಾಕಾಲವೊಂದು, ಪ್ರಯೋಗಕಾಲವೊಂದು. ಅಸೆಂಬ್ಲರು ಬರಹವನ್ನು ಸಿದ್ಧಪಡಿಸುವಾಗ ಈ ನಿರ್ಣಯವಾಗುವದು, ಯಂತ್ರವು ನಡೆಯುವಾಗಲ್ಲ. ಆದುದರಿಂದ ‘ಕೋಶದಲ್ಲಿಯ ಮೊತ್ತ ಸೊನ್ನೆಯಾಗಿದ್ದರೆ’ ಎಂದು ಇಲ್ಲಿ ಕೇಳುವದು ವ್ಯರ್ಥ. ರಚನಾಕಾಲದಲ್ಲಿ ಕೋಶದಲ್ಲಿ ಮೊತ್ತವಿಲ್ಲ, ಬರಹದಲ್ಲಿ ಅದರ ಹೆಸರು ಮಾತ್ರ ಇದೆ. ಹಾಗೆಯೇ ನೂರು ಸುತ್ತಿನ ಆವೃತ್ತಿಯನ್ನು ಮ್ಯಾಕ್ರೊವಿನೊಳಗೆ ಬರೆದರೆ ಯಂತ್ರವು ನೂರು ಸಲ ಸುತ್ತುವದಿಲ್ಲ. ನೂರು ಸಾಲುಗಳು ಹುಟ್ಟುವವು. ಈ ಎರಡು ಕಾಲಗಳನ್ನು ಬೆರೆಸುವದೇ ಕಲಿಯುವವನ ಮುಖ್ಯ ಭ್ರಾಂತಿ.

ಇನ್ನು ಪೂರ್ವಪಕ್ಷ. ಪ್ರತ್ಯಾಹಾರವು ಹಲವು ವರ್ಣಗಳಿಗೆ ಒಂದು ಕಿರುಹೆಸರು; ಸ್ಥಾನಿಯನ್ನು ತೆಗೆದು ಆದೇಶವನ್ನು ಇಡುವದು ಸೂತ್ರದ ಕೆಲಸ; ಆದುದರಿಂದ ಸೂತ್ರವೇ ಮ್ಯಾಕ್ರೊ ಎನ್ನುವರು. ಇದು ಚಿಂತ್ಯ. ಪ್ರತ್ಯಾಹಾರದಲ್ಲಿ ಪದಗಳನ್ನು ತುಂಬತಕ್ಕ ಬರಿದಾದ ಸ್ಥಾನವಿಲ್ಲ. ಅದು ಸಂಜ್ಞೆ ಮಾತ್ರ. ಆದೇಶಸೂತ್ರವಾದರೋ ಯಾರೂ ಕರೆಯದೆ ಪ್ರವರ್ತಿಸುವದು. ಕನ್ನಡದಲ್ಲಿ ‘ಮನೆ’ಯ ಮುಂದೆ ‘ಅನ್ನು’ ಬಂದೊಡನೆ ಯಕಾರವು ತಾನಾಗಿ ಬಂದು ‘ಮನೆಯನ್ನು’ ಎಂದಾಗುವದು. ನಾವು ಸೂತ್ರದ ಹೆಸರನ್ನು ಹೇಳಿ ಕರೆಯುವದಿಲ್ಲ. ಮ್ಯಾಕ್ರೊ ಹಾಗಲ್ಲ, ಕರೆದಲ್ಲಿ ಮಾತ್ರ ಬರುವದು. ಎರಡು ಸೂತ್ರಗಳು ಒಂದೇ ಎಡೆಯಲ್ಲಿ ಪ್ರಾಪ್ತವಾದರೆ ಬಲಾಬಲವಿಚಾರವು ವ್ಯಾಕರಣದಲ್ಲಿ ಅವಶ್ಯ; ಹೆಸರಿನಿಂದ ಕರೆಯುವ ಮ್ಯಾಕ್ರೊಗಳಲ್ಲಿ ಆ ವಿವಾದವೇ ಏಳದು.

ಸಿದ್ಧಾಂತವನ್ನು ಜೈಮಿನಿಯ ದರ್ಶನದಲ್ಲಿ ನೋಡಬೇಕು. ಅದರ ಹನ್ನೆರಡು ಅಧ್ಯಾಯಗಳಲ್ಲಿ ಏಳು ಎಂಟರಲ್ಲಿ ಅತಿದೇಶ, ಒಂಬತ್ತರಲ್ಲಿ ಊಹ, ಹತ್ತರಲ್ಲಿ ಬಾಧ. ದರ್ಶಪೂರ್ಣಮಾಸದಂಥ ಪ್ರಕೃತಿಯಾಗದ ಅಂಗಗಳನ್ನು ಒಮ್ಮೆ ಪೂರ್ಣವಾಗಿ ವಿಧಿಸಿ, ವಿಕೃತಿಯಾಗದಲ್ಲಿ ಅವೇ ಅಂಗಗಳನ್ನು ತಂದುಕೊಳ್ಳುವದು ಅತಿದೇಶ. ತಂದುಕೊಂಡ ಮಂತ್ರದಲ್ಲಿ ‘ಅಗ್ನಯೇ’ ಎಂದಿದ್ದ ಕಡೆ ಸೂರ್ಯದೇವತಾಕವಾದ ಯಾಗದಲ್ಲಿ ‘ಸೂರ್ಯಾಯ’ ಎಂದು ಮಾರ್ಪಡಿಸುವದು ಊಹ. ಆಯುಷ್ಕಾಮನ ಯಾಗದಲ್ಲಿ ಧಾನ್ಯದ ಬದಲು ಕೃಷ್ಣಲವೆಂಬ ನೂರು ಬಂಗಾರದ ಕಾಳುಗಳಿರುವವು. ಬಂಗಾರಕ್ಕೆ ಹೊಟ್ಟಿಲ್ಲವಾದುದರಿಂದ ಕುಟ್ಟುವ ಕರ್ಮವನ್ನು ಬಿಡುವದು ಬಾಧ. ಒಮ್ಮೆ ಬರೆದ ವಿಧಿಯನ್ನು ತರುವದು, ಪದವನ್ನು ಬದಲಿಸುವದು, ಬೇಡವಾದ ಅಂಗವನ್ನು ಬಿಡುವದು: ಮ್ಯಾಕ್ರೊವಿನ ಮೂರು ಕಾರ್ಯಗಳೂ ಇಲ್ಲಿವೆ. ವಿಶೇಷವೇನೆಂದರೆ, ಕುಟ್ಟಬೇಕೋ ಬೇಡವೋ ಎಂಬುದನ್ನು ಒನಕೆಯನ್ನು ಕೈಯಲ್ಲಿ ಹಿಡಿದ ಮೇಲೆ ನಿರ್ಣಯಿಸುವದಿಲ್ಲ. ಪ್ರಯೋಗಕ್ಕೆ ಮುಂಚೆಯೇ ಪದ್ಧತಿಯನ್ನು ಅಂತೆ ರಚಿಸುವರು. ಮೇಲೆ ಹೇಳಿದ ಕಾಲಭೇದವು ಈ ದೃಷ್ಟಾಂತದಲ್ಲಿ ಸ್ಫುಟವಾಗಿರುವದು.

ಹಾಗೆಂದು ಈ ಸಾಮ್ಯವನ್ನೂ ಮಿತಿಮೀರಿ ಹಿಗ್ಗಿಸಲಾಗದು. ಮೀಮಾಂಸಕನು ಅರ್ಥವನ್ನು, ಪ್ರಯೋಜನವನ್ನು ವಿಚಾರಿಸಿ ಊಹಿಸುವನು. ಅಸೆಂಬ್ಲರು ಅಕ್ಷರವನ್ನು ಮಾತ್ರ ನೋಡುವದು. ಕೊಟ್ಟ ಸಂಖ್ಯೆಯನ್ನು ಇಮ್ಮಡಿಸುವ ಮ್ಯಾಕ್ರೊವಿನಲ್ಲಿ ‘ಸ್ಥಾನ ಗುಣಿಸು ೨’ ಎಂದು ಬರೆದಿದೆಯೆನ್ನೋಣ. ಅದಕ್ಕೆ ‘೩ ಕೂಡಿಸು ೪’ ಎಂದು ಕೊಟ್ಟರೆ ೧೪ ಬರಬೇಕಷ್ಟೆ. ಆದರೆ ಬಿಡಿಸಿದಾಗ ‘೩ ಕೂಡಿಸು ೪ ಗುಣಿಸು ೨’ ಎಂದಾಗಿ, ಗುಣಾಕಾರವು ಮುಂಚೆ ನಡೆದು ೧೧ ಬರುವದು. ವಾಕ್ಯವು ಶುದ್ಧ, ಅರ್ಥವು ನಷ್ಟ. ಅಸೆಂಬ್ಲರು ಆಕ್ಷೇಪಿಸುವದೂ ಇಲ್ಲ. ಸ್ಥಾನಕ್ಕೆ ಮೊದಲೇ ಆವರಣಚಿಹ್ನೆಯನ್ನು ಹಾಕುವದು ಮ್ಯಾಕ್ರೊವನ್ನು ಬರೆದವನ ಹೊಣೆ. ಇಂಥ ಎಚ್ಚರವನ್ನು ಕಲಿಸದೆ, ‘ಪಾಣಿನಿಯಲ್ಲಿ ಇದೆಲ್ಲ ಇದೆ’ ಎಂದು ಹೇಳಿ ಮುಂದೆ ಸಾಗುವ ಉಪಾಧ್ಯಾಯನು ಪಾಣಿನಿಗೂ ನ್ಯಾಯ ಮಾಡಿದಂತಾಗಲಿಲ್ಲ, ವಿದ್ಯಾರ್ಥಿಗೂ ಇಲ್ಲ.

ಇನ್ನೊಂದು ಸಾಮ್ಯಾಭಾಸವು ನಮ್ಮ ಪ್ರಾಂತದಲ್ಲಿಯೇ ಇದೆ. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಪಲಾಶಿಕೆ. ಅಲ್ಲಿ ದೊರೆತ ತಾಮ್ರಶಾಸನಗಳನ್ನು ಫ್ಲೀಟ್ ಸಾಹೇಬರು ೧೮೭೭ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಮಾನವ್ಯಗೋತ್ರ, ಹಾರಿತೀಪುತ್ರ ಮುಂತಾದ ವಿಶೇಷಣಗಳ ಸರಣಿಯು ಹರಿವರ್ಮನ ಶಾಸನಗಳಲ್ಲಿ ಕಾಣುವದು; ಬಾದಾಮಿಯ ಚಲುಕ್ಯರೂ ಈ ವಿಶೇಷಣಗಳನ್ನು ಧರಿಸಿದರು. ಅಚ್ಚು ಒಂದೇ, ಅರಸರು ಬೇರೆ. ಇದೂ ಮ್ಯಾಕ್ರೊವಲ್ಲವೇ ಎಂದರೆ, ಅಲ್ಲ. ಇಲ್ಲಿ ಪ್ರತಿಯೊಂದು ತಗಡನ್ನೂ ಪ್ರತ್ಯೇಕವಾಗಿ ಕಂಡರಿಸಿದ್ದಾರೆ. ಕೊರೆಯುವವನ ಕೈತಪ್ಪು ಆ ತಗಡಿನಲ್ಲಿಯೇ ನಿಲ್ಲುವದು. ಮ್ಯಾಕ್ರೊವಿನಲ್ಲಿ ಮೂಲದ ಒಂದು ತಪ್ಪು ಕರೆದ ಎಡೆಗಳಿಗೆಲ್ಲ ಹಬ್ಬುವದು. ಮೂಲದಲ್ಲಿ ತಿದ್ದಿ ಮತ್ತೆ ರಚಿಸಿದರೆ ಎಲ್ಲ ಕಡೆಯೂ ನೀಗುವದು. ಪಾಠಗಳು ಒಂದೇ ಆಗಿರುವದರಿಂದ ಅವು ಒಂದೇ ವಿಧಿಯಿಂದ ಹುಟ್ಟಿದವೆಂದು ಸಾಧಿಸಿದಂತಾಗುವದಿಲ್ಲ. ಪಾಠಸಂಪಾದಕರಿಗೂ ಈ ವಿವೇಕವು ಬೇಕಾದುದೇ.

ಪರಿಭಾಷೆಯ ವಿಷಯದಲ್ಲಿ ನಮ್ಮ ಸೂಚನೆ ಇಷ್ಟು. ‘ಮ್ಯಾಕ್ರೊ’ ಎಂಬ ಶಬ್ದವು ಹಾಗೆಯೇ ಇರಲಿ. ಅದರಲ್ಲಿ ಬದಲಾಗುವ ಪದಕ್ಕೆ ‘ಊಹ್ಯಪದ’ ಎನ್ನಬಹುದು. ಕಂಡಿಷನಲ್ ಅಸೆಂಬ್ಲಿಯನ್ನು ‘ಷರತ್ತಿನ ಜೋಡಣೆ’ ಎಂದು ಶಬ್ದಶಃ ಹೇಳಿದರೆ ಯಾವ ಕಾಲದ ಷರತ್ತೆಂಬುದು ತಿಳಿಯದು. ‘ರಚನಾಕಾಲನಿರ್ಣಯ’ ಎಂದರೆ ತುಸು ಉದ್ದವಾದರೂ ಭ್ರಾಂತಿಗೆ ಎಡೆಯಿಲ್ಲ. ಪ್ರಾಚೀನಶಾಸ್ತ್ರದ ಗೌರವವು ‘ನಮ್ಮಲ್ಲಿ ಮೊದಲೇ ಇತ್ತು’ ಎಂಬ ಘೋಷದಿಂದ ಹೆಚ್ಚುವದಲ್ಲ. ಇಂದಿನ ವಿದ್ಯಾರ್ಥಿಯ ಸಂಶಯವೊಂದನ್ನು ಆ ಶಾಸ್ತ್ರವು ಬಿಡಿಸಿಕೊಟ್ಟಾಗ ಹೆಚ್ಚುವದು. ಉಭಯಶಾಸ್ತ್ರಜ್ಞರು ಈ ಪಕ್ಷವನ್ನು ಪರಾಮರ್ಶಿಸುವದು.