ಮಾತಿಲ್ಲದ ಐದನೆಯ ಋತು

ಕೆನಡಾದ ಕ್ವಿಬೆಕ್ ಪ್ರಾಂತದ ‘ಹಾರ್ಮೋನಿಯಂ’ ತಂಡವನ್ನು ಫ್ರೆಂಚ್ ಭಾಷಾಭಿಮಾನದ ಕಹಳೆಯೆಂದು ಬಣ್ಣಿಸುವವರುಂಟು. ಈ ಮಾತು ಅರ್ಧಸತ್ಯ. ಸೆರ್ಜ್ ಫಿಯೋರಿ, ಮಿಶೆಲ್ ನಾರ್ಮಾಂದೋ ಮೊದಲಾದವರು ಮಾಂಟ್ರಿಯಲ್ ನಗರದಲ್ಲಿ ಕಟ್ಟಿದ ಈ ತಂಡವು ಜನಪದಗೀತದ ಸರಳತೆಯನ್ನು ರಾಕ್ ಸಂಗೀತದ ಹರಹಿಗೆ ಕೂಡಿಸಿತು. 1974ರಿಂದ 1976ರವರೆಗಿನ ಮೂರು ಧ್ವನಿಮುದ್ರಿಕೆಗಳೇ ಅದರ ಕೀರ್ತಿಗೆ ಆಧಾರ.

1975ರ ಎರಡನೆಯ ಕೃತಿಯನ್ನು ಪರಿಶೀಲಿಸೋಣ. ಅದರಲ್ಲಿ ಐದು ರಚನೆಗಳಿವೆ: ನಾಲ್ಕು ಋತುಗಳಿಗೆ ನಾಲ್ಕು, ಕಲ್ಪಿತವಾದ ಐದನೆಯ ಋತುವಿಗೆ ಒಂದು. ರಾಕ್ ಎನಿಸಿಕೊಂಡರೂ ಇಲ್ಲಿ ಡ್ರಮ್ಮಿನ ಸದ್ದೇ ಇಲ್ಲ. ಸುಮಾರು 17 ನಿಮಿಷಗಳ ಕಡೆಯ ರಚನೆಯಲ್ಲಿ ಸ್ತ್ರೀಕಂಠವು ಕೇಳಿಬಂದರೂ ಪದವೊಂದೂ ಇಲ್ಲ. ಇಂಗ್ಲಿಷಿನ ಕಡಲ ನಡುವೆ ತನ್ನ ನುಡಿಯನ್ನು ಕಾಪಾಡಿಕೊಂಡ ಜನದ ಕಲಾವಿದರು ತಮ್ಮ ಸಾಧನೆಯ ಶಿಖರದಲ್ಲಿ ನುಡಿಯನ್ನೇ ಬದಿಗಿರಿಸಿದರು! ಇದು ನುಡಿಯ ತಿರಸ್ಕಾರವಲ್ಲ. ನುಡಿಯಲ್ಲಿ ಆಳವಾಗಿ ಬೇರೂರಿದವರ ನಿರ್ಭಯತೆ.

1976ರ ‘ಲೆಪ್ತಾದ್’ ಎಂಬ ಜೋಡಿ ಮುದ್ರಿಕೆಯು ವಾದ್ಯವೃಂದದ ಭಾರದಿಂದ ಕೆಲವೆಡೆ ಬಳಲುತ್ತದೆ. ಹಿಂದಿನ ಕೃತಿಯ ಸಂಯಮ ಅಲ್ಲಿ ಸಡಿಲವಾಗಿದೆ. ಆಮೇಲೆ ತಂಡವು ಬಹುಕಾಲ ಬಾಳಲಿಲ್ಲ.

ಫಿಯೋರಿಯವರು 2025ರ ಜೂನ್ 24ರಂದು, ಕ್ವಿಬೆಕ್ಕಿನ ನಾಡಹಬ್ಬದ ದಿನವೇ, ನಿಧನರಾದರು. ಜನ ಅವರನ್ನು ತಮ್ಮ ನಾಡಿನ ದನಿಯೆಂದು ಭಾವಿಸಿದುದು ಸಹಜವೇ. ಆದರೆ ಆ ದನಿಯ ಹಿರಿಮೆಯು ಘೋಷಣೆಯಲ್ಲಿ ಇಲ್ಲ. ಮಾತು ನಿಂತ ಮೇಲೂ ನುಡಿಯೊಂದರ ಚೇತನ ಉಳಿಯಬಲ್ಲುದೆಂದು ಆ ಐದನೆಯ ಋತುವು ತೋರಿಸಿದೆ.