ಸೌದೆಯ ತೂಕದಲ್ಲಿ ನೀರೆಷ್ಟು?

ಹೊಳಲ್ಕೆರೆ ಕಡೆಯ ರೈತ ಮೆಕ್ಕೆಜೋಳ ಮಾರಲು ಬಂದರೆ ವ್ಯಾಪಾರಿ ಮೊದಲು ಕೈಗೆತ್ತಿಕೊಳ್ಳುವುದು ತೇವ ಅಳೆಯುವ ಮೀಟರನ್ನು. ನೂರಕ್ಕೆ 14ರ ಮೇಲೆ ತೇವ ಕಂಡರೆ ದರ ಇಳಿಯುತ್ತದೆ, ಇಲ್ಲವೇ ತೂಕದಲ್ಲಿ ಕಡಿತ. ಅದೇ ರೈತ ಅಡಿಕೆ ಬೇಯಿಸುವ ಕಾಲಕ್ಕೆ ಸೌದೆ ಡಿಪೋ ಮುಂದೆ ನಿಂತಾಗ ಆ ಮೀಟರ್ ಎಲ್ಲೂ ಕಾಣುವುದಿಲ್ಲ. ನಿನ್ನೆ ಕಡಿದ ಜಾಲಿ, ಸಿಪ್ಪೆಯಲ್ಲಿ ಇನ್ನೂ ರಸ ಜಿನುಗುವ ಬೊಡ್ಡೆ, ಒಂದು ಬೇಸಿಗೆ ಕಂಡ ಸೀಳು ಸೌದೆ, ಎಲ್ಲಕ್ಕೂ ಒಂದೇ ದರ, ಒಂದೇ ವೇಬ್ರಿಜ್ ಚೀಟಿ. ಮಾರುವಾಗ ನೀರಿನ ಲೆಕ್ಕದಲ್ಲಿ ದುಡ್ಡು ಕಳೆದುಕೊಂಡವನು ಕೊಳ್ಳುವಾಗ ಅದೇ ನೀರಿಗೆ ದುಡ್ಡು ಕೊಟ್ಟು ಮನೆಗೆ ಬರುತ್ತಾನೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೌದೆ ವ್ಯಾಪಾರದ ಮೇಲೆ ಸಾಮಾನ್ಯವಾಗಿ ಬರುವ ಆಕ್ಷೇಪ ಕಾಡಿನ ಹೆಸರಿನದು: ಮರ ಕಡಿದು ಮಾರುವ ಕಸುಬು, ನಿಂತರೇ ಒಳ್ಳೆಯದು ಎಂಬುದು. ಈ ಬಯಲುಸೀಮೆಯ ಮಟ್ಟಿಗೆ ಆ ತೀರ್ಪು ಅವಸರದ್ದು. ಕಸುಬು ಬೇಕು, ಅದಕ್ಕೆ ಸರಕೂ ಇದೆ, ಗಿರಾಕಿಯೂ ಇದ್ದಾರೆ. ಕೆಟ್ಟಿರುವುದು ಅದನ್ನು ನಡೆಸುವ ರೀತಿ. ಹೊಸದಾಗಿ ಡಿಪೋ ಹಾಕಬೇಕೆಂದಿರುವವರು ಹಳೆಯ ರೀತಿಯನ್ನೇ ನಕಲು ಮಾಡಿದರೆ ಅವರಿಗೂ ಲಾಭವಿಲ್ಲ, ಊರಿಗೂ ಲಾಭವಿಲ್ಲ.

ಗಿರಾಕಿ ಯಾರು ಎಂಬುದನ್ನೇ ಮೊದಲು ನೋಡಬೇಕು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಅಡುಗೆಮನೆಗೆ ಗ್ಯಾಸ್ ಬಂತು. ಅದು ಬರಬೇಕಿತ್ತು. ತಲೆಮಾರುಗಟ್ಟಲೆ ಹೊಗೆ ಕುಡಿದ ಹೆಂಗಸರ ಕಣ್ಣು, ಶ್ವಾಸಕೋಶಗಳ ಮೇಲೆ ಯಾವ ವ್ಯಾಪಾರವೂ ನಿಲ್ಲಬಾರದು. ಆದರೆ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲಿನ ಹಂಡೆ ಒಲೆ ಆರಿಲ್ಲ. ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ, ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಕಣಗಳಲ್ಲಿ ಸುಲಿದ ಹಸಿ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುವ ಕೆಲಸ ಸೌದೆ ಇಲ್ಲದೆ ಆಗುವುದಿಲ್ಲ. ಇಟ್ಟಿಗೆ ಭಟ್ಟಿ, ಹಳೆಯ ಬೇಕರಿಗಳ ಗೂಡೊಲೆ, ಕಲ್ಯಾಣ ಮಂಟಪದ ಅಡುಗೆಯವರು, ಹೆದ್ದಾರಿಯ ಢಾಬಾಗಳ ತಂದೂರಿ ಒಲೆ ಇವೆಲ್ಲ ಇವೆ. ನೆರೆಯ ದಾವಣಗೆರೆಯ ಬೆಣ್ಣೆ ದೋಸೆ ಸೌದೆ ಒಲೆಯ ಕಾವಲಿಯ ಮೇಲೆಯೇ ಹೆಸರು ಮಾಡಿದ ತಿಂಡಿ. ಸುಡುಗಾಡಿನ ಸೌದೆಗೆ ಮಾತ್ರ ಇಲ್ಲಿ ಬೇಡಿಕೆ ಕಡಿಮೆ, ಮಣ್ಣು ಮಾಡುವ ಸಮುದಾಯಗಳೇ ಹೆಚ್ಚು.

ಇನ್ನು ಸರಕು. ಈ ಸೀಮೆಯ ಹಳೆಯ ಉರುವಲು ತುಗ್ಗಲಿ, ಕಮರ, ದಿಂಡಿಗ, ಕರಿಜಾಲಿ. ನಿಧಾನ ಬೆಳೆಯುವ, ಗಟ್ಟಿ ಕೆಂಡದ ಮರಗಳು. ಇವನ್ನು ಕಡಿದು ಮಾರುವುದನ್ನು ನಾನು ಒಪ್ಪಲಾರೆ. ಚಿತ್ರದುರ್ಗದ ಜೋಗಿಮಟ್ಟಿಯ ಕುರುಚಲು ಕಾಡು ಒಂದು ಕಾಲಕ್ಕೆ ಪೇಟೆಯ ಒಲೆಗಳಿಗೆ ತಲೆಹೊರೆಯಲ್ಲೇ ಇಳಿದುಹೋಗುತ್ತಿತ್ತು. ಈಗ ಅದು ವನ್ಯಜೀವಿಧಾಮ, ಹಾಗೆಯೇ ಉಳಿಯಬೇಕು. ವ್ಯಾಪಾರಕ್ಕೆ ಉಳಿಯುವುದು ಬಳ್ಳಾರಿ ಜಾಲಿ. ಮಧ್ಯ ಅಮೆರಿಕ, ಮೆಕ್ಸಿಕೋ ಕಡೆಯ ಈ ಮುಳ್ಳಿನ ಮರವನ್ನು 1870ರ ದಶಕದ ಕೊನೆಯಲ್ಲಿ, ಉರುವಲಿನ ಬರ ನೀಗಲೆಂದೇ, ಆಗಿನ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಗಳು ಕಡಪ ಜಿಲ್ಲೆಯಲ್ಲಿ ನೆಡಿಸಿದರು. ದನ, ಕುರಿ ಅದರ ಸಿಹಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡಿದವು. ಇವತ್ತು ಚಿತ್ರದುರ್ಗ ಜಿಲ್ಲೆಯ ಕೆರೆ ಅಂಗಳ, ಹಳ್ಳದ ದಂಡೆ, ಬೀಳು ಹೊಲಗಳಲ್ಲಿ ಇದು ತುಂಬಿ ನಿಂತಿದೆ. ಕಡಿದರೆ ಬುಡದಿಂದ ನಾಲ್ಕು ಕವಲಾಗಿ ಚಿಗುರುತ್ತದೆ. ಕೆರೆಗೆ ನೀರು ಬರುವ ದಾರಿಯನ್ನೇ ಮುಚ್ಚುತ್ತದೆ. ಸೌದೆಗೆ ಇದಕ್ಕಿಂತ ನ್ಯಾಯವಾದ ಮರ ಈ ನಾಲ್ಕು ತಾಲ್ಲೂಕಿನಲ್ಲಿ ಬೇರೆ ಸಿಗದು.

ಕಾನೂನೂ ಇದಕ್ಕೆ ಅಡ್ಡ ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಹೊಲದ ಮರಕ್ಕೂ ಅನುಮತಿ ಬೇಕು. ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್ ಮುಂತಾದವಕ್ಕೆ ಮಾತ್ರ ವಿನಾಯಿತಿ. ವಿನಾಯಿತಿ ಇರುವುದು ಮರಕ್ಕೆ, ಜಾಗಕ್ಕಲ್ಲ. ಕೆರೆ ಅಂಗಳದ ಜಾಲಿ ಪಂಚಾಯಿತಿಯದೋ ಸಣ್ಣ ನೀರಾವರಿ ಇಲಾಖೆಯದೋ ಆಗಿರುತ್ತದೆ, ಹರಾಜಿನಲ್ಲಿ ಹಿಡಿದೇ ಕಡಿಯಬೇಕು. ಈ ಹರಾಜಿನಲ್ಲೇ ದೊಡ್ಡ ತಪ್ಪೊಂದು ನಡೆಯುತ್ತದೆ. ಹಿಡಿದವನು ತನಗೆ ಬೇಕಾದ ಕಾಂಡವನ್ನಷ್ಟೇ ಮೊಳಕಾಲೆತ್ತರಕ್ಕೆ ಕಡಿದು ಹೋಗುತ್ತಾನೆ, ಮುಂದಿನ ಮಳೆಗೆ ಕೆರೆ ಮೊದಲಿಗಿಂತ ದಟ್ಟವಾಗುತ್ತದೆ. ಬುಡ ಕಿತ್ತು ಕೊಡಬೇಕೆಂಬ ಷರತ್ತು ಹರಾಜಿನ ಪತ್ರದಲ್ಲೇ ಇರಬೇಕು. ಬುಡದ ಸೌದೆಯೂ ಒಳ್ಳೆಯ ಸೌದೆಯೇ, ಕೀಳುವ ಖರ್ಚಿನ ಒಂದು ಪಾಲು ಅದರಲ್ಲೇ ಹುಟ್ಟುತ್ತದೆ.

ಬಳ್ಳಾರಿ ಜಾಲಿಯ ಒಂದು ದೊಡ್ಡ ಗುಣವೇ ಈ ಕಸುಬನ್ನು ಕೆಡಿಸಿತು ಎಂಬುದು ನನ್ನ ಬಲವಾದ ಅನಿಸಿಕೆ. ಅದು ಹಸಿಯಾಗಿದ್ದಾಗಲೂ ಉರಿಯುತ್ತದೆ. ನೀಲಗಿರಿಯೋ ಮಾವೋ ಹಸಿಯಾಗಿದ್ದರೆ ಒಲೆ ಹೊಗೆಯಾಡಿ ಗಿರಾಕಿ ಮರುದಿನವೇ ಜಗಳಕ್ಕೆ ಬರುತ್ತಾನೆ. ಜಾಲಿ ಹೇಗೋ ಹೊತ್ತಿಕೊಳ್ಳುವುದರಿಂದ ಒಣಗಿಸುವ ತೊಂದರೆ ಯಾರಿಗೂ ಬೇಡವಾಯಿತು. ಕಡಿದ ವಾರದಲ್ಲೇ ಟ್ರ್ಯಾಕ್ಟರ್, ತೂಕ, ದುಡ್ಡು.

ಲೆಕ್ಕ ಹಾಕಿ ನೋಡೋಣ. ಹಸಿ ಸೌದೆಯಲ್ಲಿ ನೂರಕ್ಕೆ 40 ಪಾಲು ನೀರೆಂದು ಹಿಡಿಯಿರಿ. ಒಂದು ಟನ್ನಿನಲ್ಲಿ 400 ಕಿಲೋ ನೀರು, 600 ಕಿಲೋ ಮರ. ಅದೇ ಸೌದೆಯನ್ನು ತೇವ ನೂರಕ್ಕೆ 15ಕ್ಕೆ ಇಳಿಯುವವರೆಗೆ ಒಣಗಿಸಿದರೆ ತೂಕ 706 ಕಿಲೋಗೆ ಬರುತ್ತದೆ. ಡಿಪೋದವನ ಕಣ್ಣಿಗೆ ಇದು ಸುಮಾರು 300 ಕಿಲೋ ನಷ್ಟ. ಅದನ್ನು ತುಂಬಿಕೊಳ್ಳಲು ಹಸಿ ಸೌದೆಗೆ ನೂರು ರೂಪಾಯಿ ಇರುವಲ್ಲಿ ಒಣ ಸೌದೆಗೆ 142 ರೂಪಾಯಿ ಹೇಳಬೇಕು. ಗಿರಾಕಿ ಒಪ್ಪುತ್ತಾನೆಯೇ? ಅವನ ಕಡೆಯಿಂದಲೂ ಎಣಿಸಿ. ಪೂರ್ತಿ ಒಣಗಿದ ಮರ ಕಿಲೋಗೆ ಸುಮಾರು 4,500 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಒಳಗಿರುವ ನೀರನ್ನು ಆವಿ ಮಾಡಲು ಕಿಲೋಗೆ ಸುಮಾರು 600 ಕಿಲೋಕ್ಯಾಲರಿ ಸೌದೆಯ ಜೇಬಿನಿಂದಲೇ ಹೋಗುತ್ತದೆ. ಹಾಗೆ ನೋಡಿದರೆ ಒಂದು ಕಿಲೋ ಹಸಿ ಸೌದೆಯಿಂದ ಸಿಗುವುದು 2,460, ಒಣ ಸೌದೆಯಿಂದ 3,735. ಒಂದೂವರೆ ಪಟ್ಟು. ಅಂದರೆ ಒಂದಕ್ಕೆ 1.42 ಕೊಟ್ಟವನಿಗೆ 1.52ರಷ್ಟು ಶಾಖ ಸಿಗುತ್ತದೆ. ಮಾರಿದವನಿಗೆ ನಷ್ಟವಿಲ್ಲ, ಕೊಂಡವನಿಗೆ ಲಾಭ. ಕಣ್ಣುರಿ, ಹಂಡೆಯ ತಳಕ್ಕೆ ಕಟ್ಟುವ ಮಸಿ, ಒಲೆ ಮುಂದೆ ಕೂತವಳ ಕೆಮ್ಮು ಕಡಿಮೆಯಾಗುವುದು ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಒಣಗಿಸಲು ಈ ಜಿಲ್ಲೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಅಪರೂಪ. ಹಿರಿಯೂರು ಮಳೆನೆರಳಿನ ಊರು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದು ಇಲ್ಲಿನ ಗಾಳಿಯನ್ನು ನಂಬಿ. ಆ ಬಿಸಿಲು, ಆ ಗಾಳಿ ಎರಡೂ ಬಿಟ್ಟಿ. ಬೊಡ್ಡೆಯನ್ನು ಕಡಿದ ಕೂಡಲೇ ಸೀಳಿ, ನೆಲದಿಂದ ಒಂದಡಿ ಮೇಲೆ, ನಡುವೆ ಗಾಳಿ ಆಡುವಂತೆ ಅಡ್ಡಡ್ಡ ಪೇರಿಸಿ, ಮೇಲಷ್ಟೇ ತಗಡು ಹೊದಿಸಿದರೆ ಸಾಕು. ನಮ್ಮ ಡಿಪೋಗಳಲ್ಲಿ ಇದರ ತಿರುವುಮುರುವು: ಸೀಳದ ದಿಮ್ಮಿಗಳ ಗುಡ್ಡೆ, ನೆಲದ ಮೇಲೇ, ಸುತ್ತಲೂ ಟಾರ್ಪಾಲು ಬಿಗಿದು. ಒಳಗಿನ ನೀರು ಹೊರಗೆ ಬರಲು ದಾರಿಯೇ ಇಲ್ಲ.

ಕಾಲದ ವಿಚಾರ ಇನ್ನೂ ಮುಖ್ಯ. ಅಡಿಕೆ ಕೊಯ್ಲು ಜೋರಾಗುವುದು ಮಳೆಗಾಲದ ಕೊನೆಗೆ. ಸೌದೆಗೆ ಅತಿ ಹೆಚ್ಚು ಬೇಡಿಕೆ ಬರುವುದೂ ಆಗಲೇ, ಅದು ಅತಿ ಹೆಚ್ಚು ನೆನೆದಿರುವುದೂ ಆಗಲೇ. ಶಿವರಾತ್ರಿಯ ಹೊತ್ತಿಗೆ ಕಡಿದು, ಯುಗಾದಿಯೊಳಗೆ ಸೀಳಿ ಪೇರಿಸಿದವನು ಮಾತ್ರ ಆ ಸುಗ್ಗಿಗೆ ಒಣ ಸೌದೆ ಕೊಡಬಲ್ಲ. ಅಷ್ಟು ತಿಂಗಳು ಬಂಡವಾಳ ಕಟ್ಟಿಹಾಕುವ ಶಕ್ತಿ ಸಣ್ಣ ಡಿಪೋದವನಿಗೆ ಇಲ್ಲವೆಂಬುದು ನಿಜ. ಅವನ ಕಷ್ಟವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆದರೆ ಅಡಿಕೆಯಲ್ಲಿ ಚೇಣಿ ಹಿಡಿಯುವವರು ಮರದಲ್ಲಿ ಕಾಯಿ ಇರುವಾಗಲೇ ತೋಟಕ್ಕೆ ಮುಂಗಡ ಕೊಡುತ್ತಾರೆ. ತಮ್ಮದೇ ಒಲೆಗೆ ಬೇಕಾದ ಸೌದೆಗೂ ಬೇಸಿಗೆಯಲ್ಲೇ ಮುಂಗಡ ಕೊಡುವುದು ಅವರಿಗೆ ಹೊಸ ವಿದ್ಯೆಯೇನಲ್ಲ.

ಒಲೆಯ ಮಾತನ್ನೂ ಇಲ್ಲೇ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರ ಪಕ್ಕದ ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಕೂತು ಉರುವಲಿನ ಲೆಕ್ಕ ಬರೆಯಿತು, ಮೂರು ಪಾತ್ರೆ ಕೂರುವ ಅಸ್ತ್ರ ಒಲೆ ರೂಪಿಸಿತು. ಅವರ ಪಾಠ ಸರಳ: ಒಣಗಿದ, ಸಣ್ಣಗೆ ಸೀಳಿದ ಸೌದೆ, ಗಾಳಿ ಹಿಡಿತದಲ್ಲಿರುವ ಒಲೆ. ಸೌದೆ ಮಾರುವವನು ಒಲೆಯ ಬಾಯಿಯ ಅಳತೆ ಕೇಳಿ ಸೀಳಿಕೊಡಬೇಕು. ಈಗ ಮಾರುವ ತೋಳುದಪ್ಪದ ಕೊರಡು ಬಚ್ಚಲ ಒಲೆಯಿಂದ ಅರ್ಧ ಹೊರಗೇ ಚಾಚಿ ಉರಿಯುತ್ತದೆ.

ಈಚೆಗೆ ಕೇಳಿಬರುವ ಹೊಸ ಸರಕು ‘ಸ್ಮೋಕಿಂಗ್ ವುಡ್’, ಮಾಂಸ, ಮೀನು, ಪನೀರಿಗೆ ಹೊಗೆಯ ರುಚಿ ಹಿಡಿಸಲು ಬಳಸುವ ತುಂಡು, ಚಕ್ಕೆ. ಬೆಂಗಳೂರು ಹೆದ್ದಾರಿಯಲ್ಲಿ ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್. ಅಲ್ಲಿನ ಬಾರ್ಬೆಕ್ಯೂ ಹೋಟೆಲುಗಳಿಗೆ ಇಲ್ಲಿಂದ ಕೊಡಬಹುದೆಂಬ ಆಸೆ ಸಹಜ. ಹೊಗೆಯ ರುಚಿ ನಮಗೇನೂ ಹೊಸತಲ್ಲ. ಬೆರಣಿ ಬೆಂಕಿಯ ಮೇಲೆ ಕಾದ ಹಾಲಿನ ಕಂಪು, ಕೆಂಡದಲ್ಲಿ ಸುಟ್ಟ ಬದನೆಕಾಯಿ, ಕುರಿಯ ತಲೆ ಕಾಲು ಸುಡುವ ಬೆಂಕಿ, ಬಿತ್ತನೆಗೆಂದು ಒಲೆಯ ಮೇಲೆ ಹೊಗೆಗೆ ಕಟ್ಟಿದ ಜೋಳದ ತೆನೆ ಎಲ್ಲವೂ ನಮ್ಮ ಮನೆಗಳವೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮಾಂಸ ಸುಡಲು ಹೆಸರಾದ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ದಾಯಾದಿ. ಹೀಗಾಗಿ ಜಾಲಿಯ ಚಕ್ಕೆಗೆ ಆ ಹೆಸರಿನ ಚೀಟಿ ಅಂಟಿಸಿ ಮಾರುವ ಆಸೆ ಹುಟ್ಟಬಹುದು. ಅದು ಮೋಸ. ಜಾಲಿಯ ಹೊಗೆ ಖಾರವಾದದ್ದು. ಬಿರುಸು ಕೆಂಡದ ಮೇಲೆ ಹತ್ತಿಪ್ಪತ್ತು ನಿಮಿಷ ಸುಡುವುದಕ್ಕೆ ಚೆನ್ನ, ಗಂಟೆಗಟ್ಟಲೆ ಹೊಗೆಯಲ್ಲಿಟ್ಟರೆ ಕಹಿ ಹಿಡಿಯುತ್ತದೆ. ನಿಧಾನದ ಹೊಗೆಗೆ ಮಾವು, ಸೀಬೆ ಮೇಲು. ಹೊಸದುರ್ಗ, ಹಿರಿಯೂರಿನ ತೋಟಗಳಲ್ಲಿ ಸವರಿದ ಕೊಂಬೆಗಳು ಬೇಲಿ ಬದಿಯಲ್ಲೇ ಸುಟ್ಟುಹೋಗುತ್ತವೆ, ಅವನ್ನು ಕೊಳ್ಳಬಹುದು. ಔಷಧಿ ಹೊಡೆದ ತೋಟವಾದರೆ ಯಾವಾಗ, ಏನು ಹೊಡೆದರೆಂದು ಕೇಳಿಯೇ ಕೊಳ್ಳಬೇಕು. ಕಣಗಲೆಯಂಥ ವಿಷದ ಗಿಡ ಹತ್ತಿರವೂ ಸುಳಿಯಬಾರದು. ಹಳೆ ಮನೆ ಕೆಡವಿದ ಬಣ್ಣದ ಬಾಗಿಲು, ಪ್ಲೈವುಡ್ ಚೂರು ಡಿಪೋ ಸೌದೆಯಲ್ಲಿ ಬೆರೆಯುವುದುಂಟು. ಅದು ಹಂಡೆ ಒಲೆಗೂ ಕೆಟ್ಟದ್ದು, ಅನ್ನದ ಒಲೆಗೆ ಅಪರಾಧವೇ ಸರಿ.

ಹೊಗೆ ಬೇಕಾದ್ದರಿಂದ ಸೌದೆ ಹಸಿ ಇದ್ದರೇ ಒಳ್ಳೆಯದೆಂಬ ತಪ್ಪು ತಿಳಿವಳಿಕೆ ಇಲ್ಲಿಯೂ ಇದೆ. ಹಸಿ ಸೌದೆಯ ದಟ್ಟ ಬಿಳಿ ಹೊಗೆಯಲ್ಲಿರುವುದು ಆವಿ ಮತ್ತು ಪೂರ್ತಿ ಉರಿಯದ ಡಾಂಬರಿನಂಥ ಅಂಟು. ಕಂಪು ಬರುವುದು ಒಣ ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಸೀದು ಹೊರಬೀಳುವ ತೆಳು ಹೊಗೆಯಿಂದ. ಇಷ್ಟು ಹೇಳಿಯೂ, ಈ ಸರಕಿನ ಮೇಲೆ ಡಿಪೋ ಕಟ್ಟಬೇಡಿರೆಂದೇ ಹೇಳುತ್ತೇನೆ. ಗಿರಾಕಿ ಕೆಲವರು, ಬೇಕಾಗುವುದು ಕಿಲೋಗಳ ಲೆಕ್ಕದಲ್ಲಿ. ಒಣಗಿಸುವ ಶಿಸ್ತು ಬಂದ ಡಿಪೋಗೆ ಇದು ಮೇಲಾದಾಯವಾದೀತು.

ಇದ್ದಿಲಿನ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇರುತ್ತದೆ. ತಂದೂರಿಗೆ ಇದ್ದಿಲು ಬೇಕೆಂದು ಸೌದೆ ವ್ಯಾಪಾರಿಗಳು ಅತ್ತ ಹೊರಳುತ್ತಾರೆ. ಮಣ್ಣು ಮುಚ್ಚಿ ಸುಡುವ ಗೂಡಿನಲ್ಲಿ ನಾಲ್ಕೈದು ಟನ್ ಸೌದೆ ಹಾಕಿದರೆ ಒಂದು ಟನ್ ಇದ್ದಿಲು, ಮರದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಿಗೇ ಹೋಯಿತು. ಇದಕ್ಕೆ ಕಟ್ಟುಪಾಡೂ ಇದೆ: ಕಾನೂನಿನ ಕಣ್ಣಲ್ಲಿ ಇದ್ದಿಲು ಎಲ್ಲಿ ಸುಟ್ಟರೂ ಅರಣ್ಯ ಉತ್ಪನ್ನವೇ, ಸ್ವಂತ ಹೊಲದ ಜಾಲಿಯದಾದರೂ. ಅದಕ್ಕಿಂತ ದೊಡ್ಡದು ಅದನ್ನು ಸುಡುವವರ ಬಾಳು. ಮಹಾರಾಷ್ಟ್ರದ ರಾಯಗಡ ಕಡೆಯ ಕಾತಕರಿ ಬುಡಕಟ್ಟಿನ ಕುಟುಂಬಗಳು ಮುಂಗಡ ಸಾಲಕ್ಕೆ ಸಿಕ್ಕಿ, ಮಕ್ಕಳು ಮರಿ ಸಮೇತ ಇದ್ದಿಲು ಗೂಡುಗಳಿಗೆ ವಲಸೆ ಬಂದು ದುಡಿಯುವುದು ದಾಖಲಾದ ಸಂಗತಿ, ಕರ್ನಾಟಕಕ್ಕೂ ಅವರು ಬರುತ್ತಾರೆ. ಮುಂಗಡದ ಹೆಸರಿನಲ್ಲಿ ಆಳನ್ನು ಹಿಡಿದಿಡುವುದನ್ನು 1976ರ ಜೀತ ನಿರ್ಮೂಲನಾ ಕಾಯ್ದೆ ನಿಷೇಧಿಸಿದೆ. ಅಗ್ಗದ ಇದ್ದಿಲು ಅಗ್ಗವಾಗಿರುವುದು ಎಷ್ಟೋ ಸಲ ಈ ಕಾರಣಕ್ಕೇ. ತಂದೂರಿಯವರಿಗೆ ಕೊಡಲೇಬೇಕೆಂದಿದ್ದರೆ ತೆಂಗಿನ ಚಿಪ್ಪಿನ ಇದ್ದಿಲು ನೋಡಬಹುದು. ಹೊಸದುರ್ಗ, ಹಿರಿಯೂರಿನ ಕೊಬ್ಬರಿ ಸುಲಿಯುವ ಕಡೆ ಚಿಪ್ಪಿಗೆ ಕೊರತೆಯಿಲ್ಲ, ಒಂದು ಮರವೂ ಬೀಳಬೇಕಾಗಿಲ್ಲ.

ಜಾಲಿ ಕಡಿಯುವವರ ಸ್ಥಿತಿ ಇದ್ದಿಲಿನವರಷ್ಟು ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಅದರ ಮುಳ್ಳು ಚಪ್ಪಲಿ ತೂರಿ ಪಾದಕ್ಕೆ ಇಳಿಯುತ್ತದೆ, ಒಳಗೇ ಮುರಿದು ಕೀವಾಗುತ್ತದೆ. ಟನ್ನಿಗಿಷ್ಟೆಂದು ಕೂಲಿ ಕೊಡುವ ಪದ್ಧತಿಯಲ್ಲಿ ಹಾಗೆ ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯಿಲ್ಲ. ತೊಗಲಿನ ಕೈಗವಸು, ದಪ್ಪ ಅಟ್ಟೆಯ ಬೂಟು ಕೊಡದೆ ಕೆರೆ ಅಂಗಳಕ್ಕೆ ಆಳು ಇಳಿಸುವವನಿಗೆ ಪಂಚಾಯಿತಿ ಹರಾಜನ್ನೇ ಕೊಡಬಾರದು. ಹರಾಜಿನ ಷರತ್ತಿನಲ್ಲಿ ಬುಡ ಕೀಳುವ ಮಾತಿನ ಜೊತೆಗೇ ಈ ಮಾತೂ ಬರಬೇಕು, ಡಿಪೋದ ತಕ್ಕಡಿ ಪಕ್ಕದಲ್ಲಿ ಮೆಕ್ಕೆಜೋಳದ ವ್ಯಾಪಾರಿ ಇಟ್ಟುಕೊಳ್ಳುವಂಥ, ಆದರೆ ಮರಕ್ಕೆ ಹೊಂದುವ ಒಂದು ಮೀಟರ್ ಇರಬೇಕು, ಚೀಟಿಯಲ್ಲಿ ತೂಕದ ಕೆಳಗೆ ತೇವವನ್ನೂ ಬರೆಯಬೇಕು.